ಎದುರಾಳಿಯಿಲ್ಲದ ವೀರಗಲ್ಲು

ಸಾವಿಗೆ ಹೆಸರಿಡುವುದರಲ್ಲಿ ನಾವು ಬಹಳ ಜಾಣರು. ಮೊಮ್ಮಕ್ಕಳನ್ನು ಕಂಡು ಹೋದರೆ 'ತುಂಬು ಜೀವನ' ಎನ್ನುತ್ತೇವೆ. ಗಂಡನಿಗಿಂತ ಮುಂಚೆ ಹೆಂಡತಿ ಹೋದರೆ 'ಮುತ್ತೈದೆ ಸಾವು, ಪುಣ್ಯವಂತೆ' ಎಂದು ಹೂ ಮುಡಿಸಿ ಕಳಿಸುತ್ತೇವೆ. ಆ ಪುಣ್ಯವಂತೆ ಯಾವ ಕಾಯಿಲೆಗೆ ಔಷಧಿ ಕಾಣದೆ ನರಳಿದಳು ಎಂಬ ಮಾತು ಆಮೇಲೆ ಏಳುವುದೇ ಇಲ್ಲ. ಹೆಸರು ಸಿಕ್ಕಿತೆಂದರೆ ಸಮಾಧಾನ ಸಿಕ್ಕಿತು, ಸಮಾಧಾನ ಸಿಕ್ಕಿತೆಂದರೆ ಪ್ರಶ್ನೆ ಮುಗಿಯಿತು. ಸೈನಿಕನ ಸಾವಿಗಂತೂ ಹೆಸರು ಸಿದ್ಧವಾಗಿಯೇ ಇದೆ: ವೀರಮರಣ.

ಆದರೆ ಯುದ್ಧವೇ ಇಲ್ಲದ ದಿನ, ಹಾರಾಟ ಕಲಿಯುತ್ತಲೋ, ಜನರನ್ನೋ ಸಾಮಾನನ್ನೋ ಸಾಗಿಸುತ್ತಲೋ ಸೇನೆಯ ವಿಮಾನದಲ್ಲಿ ಸತ್ತವರಿಗೆ ಏನನ್ನಬೇಕು?

ನನ್ನ ತವರು ಚಿಕ್ಕಯ್ಯನಛತ್ರ ಹೋಬಳಿಯ ಒಂದು ಹಳ್ಳಿ. ಊರ ಮುಂದೆ ಮಾರಮ್ಮನ ಗುಡಿಯ ಪಕ್ಕ ಒಂದು ವೀರಗಲ್ಲಿದೆ. ಹೆಂಗಸರು ಎಣ್ಣೆ ಹಚ್ಚಿ, ಕುಂಕುಮ ಇಟ್ಟು ಅದನ್ನೂ ದೇವರು ಮಾಡಿಬಿಟ್ಟಿದ್ದಾರೆ. ಕೆಳಗಿನ ಸಾಲಿನಲ್ಲಿ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ನಮ್ಮ ಸೀಮೆಯಲ್ಲಿ ಇಂಥ ಕಲ್ಲುಗಳು ಬೇಕಾದಷ್ಟಿವೆ. ಶತ್ರುವಿನ ಎದುರು ಬಿದ್ದವನಿಗೆ, ತುರು ಕಾಯಲು ಹೋಗಿ ಸತ್ತವನಿಗೆ, ಹುಲಿಯೊಡನೆ ಸೆಣಸಿದವನಿಗೆ ಕಲ್ಲು ನಿಲ್ಲಿಸಿದ್ದಾರೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೂ ಹತ್ತನೆಯ ಶತಮಾನದಲ್ಲಿ ಕಲ್ಲು ನಿಲ್ಲಿಸಿದರು. ಆದರೆ ನಾನು ನೋಡಿದ ಕಲ್ಲುಗಳಲ್ಲೆಲ್ಲ ಕೆಳಗಿನ ಸಾಲಿನಲ್ಲಿ ಒಬ್ಬ ಎದುರಾಳಿ ಇದ್ದೇ ಇದ್ದಾನೆ. ಗರಡಿಯಲ್ಲಿ ವರಸೆ ಕಲಿಯುವಾಗ ಸತ್ತ ಹುಡುಗನಿಗೆ ನಿಲ್ಲಿಸಿದ ಕಲ್ಲು ನನ್ನ ಕಣ್ಣಿಗೆ ಬಿದ್ದಿಲ್ಲ.

ಇದನ್ನೆಲ್ಲ ಯೋಚಿಸುವಂತೆ ಮಾಡಿದವಳು ನಂಜನಗೂಡಿನಲ್ಲಿ ನಮ್ಮ ಬೀದಿಯಲ್ಲೇ ಇರುವ ಒಬ್ಬ ತಾಯಿ. ಮಗಳು ಪಿಯುಸಿ ಓದುತ್ತಾಳೆ. 2021ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಹೆಣ್ಣುಮಕ್ಕಳೂ ಎನ್‌ಡಿಎ ಪರೀಕ್ಷೆ ಬರೆಯಬಹುದಷ್ಟೆ, ಇವಳಿಗೂ ಅದೇ ಹುಚ್ಚು, ವಿಮಾನ ಓಡಿಸಬೇಕಂತೆ. "ಅಕ್ಕಾ, ಯುದ್ಧಕ್ಕೆ ಹೋಗಿ ಏನಾದ್ರೂ ಆದ್ರೆ ದೇಶಕ್ಕೆ ಅಂತ ಕಲ್ಲು ಮಾಡ್ಕೋಬೋದು. ಕಲೀವಾಗಲೇ ಬಿದ್ರೆ ನಾನು ಯಾರಿಗೆ ಅಂತ ಅಂದ್ಕೊಳ್ಳಲಿ?" ಎಂದು ಕೇಳಿದಳು.

ಅವಳ ಭಯಕ್ಕೆ ಕಾರಣವಿದೆ. 2023ರ ಜೂನ್ 1ರಂದು ಬೆಂಗಳೂರಿನಿಂದ ಹೊರಟ ವಾಯುಸೇನೆಯ ಕಿರಣ್ ತರಬೇತಿ ವಿಮಾನ ಚಾಮರಾಜನಗರದ ಭೋಗಾಪುರದ ಬಳಿ ಬಯಲಿಗೆ ಬಿದ್ದು ಉರಿದುಹೋಯಿತು. ನಮಗೆ ಅದು ಪಕ್ಕದ ಮನೆಯ ಸುದ್ದಿ. ಒಳಗಿದ್ದ ಇಬ್ಬರೂ ಆಸನದ ಸಮೇತ ಹೊರಗೆ ಚಿಮ್ಮಿ ಜೀವ ಉಳಿಸಿಕೊಂಡರು. ಅವರಲ್ಲೊಬ್ಬರು ಹೆಣ್ಣುಮಗಳು. ಕಿರಣ್ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಹುಟ್ಟಿದ ವಿಮಾನ, 1964ರಲ್ಲಿ ಮೊದಲ ಸಲ ಹಾರಿದ್ದು. ಅದರಲ್ಲಿ ಕಲಿಸುವವರು, ಕಲಿಯುವವರು ಹಿಂದೆ ಮುಂದೆ ಅಲ್ಲ, ಅಕ್ಕಪಕ್ಕ ಕೂರುತ್ತಾರೆ. ನಾವು ಮೇಷ್ಟರುಗಳು ಕರಿಹಲಗೆಯ ಮುಂದೆ ನಿಂತು ತಪ್ಪು ಲೆಕ್ಕ ಅಳಿಸಿ ಇನ್ನೊಂದು ಸಲ ಮಾಡಿಸುತ್ತೇವೆ. ಶಿಷ್ಯ ತಪ್ಪಿದರೆ ತನ್ನ ಪ್ರಾಣವೂ ಹೋಗುತ್ತದೆಂದು ತಿಳಿದೂ ದಿನಾ ಪಕ್ಕದಲ್ಲಿ ಕೂರುವ ಗುರು ಎಂಥವನಿರಬೇಕು!

ಉಳಿದವರ ಕಥೆ ಹೇಳಿ ಆ ತಾಯಿಗೆ ಧೈರ್ಯ ತುಂಬುವುದು ಸುಲಭ. ಉಳಿಯದವರೂ ಇದ್ದಾರೆ. 1991ರ ಮಾರ್ಚ್ 25ರಂದು ಯಲಹಂಕದಲ್ಲಿ ವಾಯುಸೇನೆಯ ಆವ್ರೊ ವಿಮಾನ ಬಿದ್ದು 28 ಮಂದಿ ತೀರಿಕೊಂಡರು. ಅದೇ ಯಲಹಂಕದಲ್ಲಿ ಸಾಗಣೆ ವಿಮಾನಗಳ ತರಬೇತಿ ಪಡೆದವರು ಹರಿತಾ ಕೌರ್ ದೇವಲ್. 1994ರ ಸೆಪ್ಟೆಂಬರ್ 2ರಂದು, ತಮ್ಮ 22ನೆಯ ವಯಸ್ಸಿನಲ್ಲಿ, ಒಬ್ಬರೇ ಆವ್ರೊ ಹಾರಿಸಿದರು. ನಮ್ಮ ವಾಯುಸೇನೆಯಲ್ಲಿ ಹೆಣ್ಣೊಬ್ಬಳು ಒಂಟಿಯಾಗಿ ಹಾರಿದ್ದು ಅದೇ ಮೊದಲು. ಎರಡು ವರ್ಷ ಮೂರು ತಿಂಗಳಾಗಿತ್ತಷ್ಟೆ. 1996ರ ಡಿಸೆಂಬರ್ 24ರಂದು ಆಂಧ್ರದ ಪ್ರಕಾಶಂ ಜಿಲ್ಲೆಯ ಬುಕ್ಕಾಪುರಂ ಬಳಿ ಬಿದ್ದ ಆವ್ರೊದಲ್ಲಿ ಅವರೂ ಹೋದರು. 25 ವರ್ಷ. ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿ 'ಮೊದಲ ಮಹಿಳೆ' ಎಂಬ ಪಟ್ಟಿಗಳಿರುತ್ತವಲ್ಲ, ಅಂಥ ಪಟ್ಟಿಗೆ ಅವರ ಮೊದಲ ಹಾರಾಟ ಸಾಕು. ಕೊನೆಯ ಹಾರಾಟಕ್ಕೆ ಅಲ್ಲಿ ಜಾಗವಿಲ್ಲ.

ಯುದ್ಧ ಬಾರದಿರಲಿ ಎಂದೇ ಸೈನ್ಯ ಇಟ್ಟುಕೊಳ್ಳುತ್ತೇವೆ. ಹಾಗಾದರೆ ಸೈನಿಕನ ಬದುಕಿನ ಬಹುಪಾಲು ತಯಾರಿಯಲ್ಲೇ ಕಳೆಯಬೇಕು. ಆ ತಯಾರಿಯ ಅಪಾಯವನ್ನೂ ಅವರು ನಮ್ಮ ಪರವಾಗಿಯೇ ಹೊತ್ತಿದ್ದಾರೆ. ಎದುರಾಳಿ ಇರಲಿಲ್ಲವೆಂದು ಆ ಸಾವನ್ನು ಒಂದು ಮೆಟ್ಟಿಲು ಕೆಳಗೆ ಇಡುವುದು ನನಗೆ ನ್ಯಾಯವೆನ್ನಿಸುವುದಿಲ್ಲ. ನಮ್ಮ ಹೋಬಳಿಗೆ ಹೆಸರು ಕೊಟ್ಟ ಚಿಕ್ಕಯ್ಯ ಯಾವ ಕಾಳಗ ಗೆದ್ದನೋ ನಾನು ಕೇಳಿಲ್ಲ. ದಾರಿಹೋಕರಿಗೊಂದು ಛತ್ರ ಎಂಬಷ್ಟಕ್ಕೇ ಹೆಸರು ಉಳಿದಿದೆ.

ಇಷ್ಟು ಹೇಳಿ ನಿಲ್ಲಿಸಿದ್ದರೆ ನಾನೂ ಹೆಸರಿಟ್ಟು ಪ್ರಶ್ನೆ ಮುಗಿಸಿದವರ ಸಾಲಿಗೇ ಸೇರುತ್ತಿದ್ದೆ. ಶತ್ರುವಿನ ಗುಂಡಿಗೆ ಸತ್ತರೆ ಕೊಂದವನು ಯಾರೆಂದು ಗೊತ್ತಿರುತ್ತದೆ. ಶಾಂತಿಕಾಲದಲ್ಲಿ ವಿಮಾನ ಬಿದ್ದರೆ ಏಕೆ ಬಿತ್ತು ಎಂದು ಕೇಳಲೇಬೇಕು. ಯಂತ್ರ ಹಳತಾಗಿತ್ತೆ? ದುರಸ್ತಿ ಸರಿಯಿತ್ತೆ? ಆ ಮೋಡದಲ್ಲಿ ಹೋಗು ಎಂದವರು ಯಾರು? ಹೀಗೆ ಕೇಳಿದರೆ ಹುತಾತ್ಮರಿಗೆ ಅವಮಾನ ಎನ್ನುವವರಿದ್ದಾರೆ. ಇನ್ನು ಕೆಲವರು 'ಆಕಸ್ಮಿಕ' ಎಂದು ಕೈ ತೊಳೆದುಕೊಳ್ಳುತ್ತಾರೆ. ಈ ಪದದ ಮಹಿಮೆ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 'ಸ್ಟೌ ಸಿಡಿದು ಸತ್ತಳು' ಎಂಬ ಒಂದು ಸಾಲಿನಡಿ ಎಷ್ಟು ಸೊಸೆಯಂದಿರು ಬೂದಿಯಾದರು! ಎರಡೂ ಒಂದೇ ಎನ್ನುತ್ತಿಲ್ಲ ನಾನು. ಪದವೊಂದು ಬಾಗಿಲಾಗಿ ಮುಚ್ಚಿಕೊಳ್ಳುವ ರೀತಿ ಮಾತ್ರ ಒಂದೇ.

ಮೂರನೆಯ ಹೆಸರೊಂದಿದೆ, ಅದು ಇನ್ನೂ ಕಠಿಣ: 'ಚಾಲಕನ ತಪ್ಪು'. ಸತ್ತವನು ಎದ್ದು ಬಂದು ಅಲ್ಲ ಎನ್ನಲಾರ. ನಾವು ಬೆಂಗಳೂರಿಗೆ ಹೋಗುವಾಗ ತಟ್ಟೆ ಇಡ್ಲಿಗೆಂದು ಇಳಿಯುವ ಬಿಡದಿಯ ಹತ್ತಿರ ಶೇಷಗಿರಿಹಳ್ಳಿಯಿದೆ. 2009ರ ಮಾರ್ಚ್ 6ರಂದು ಅಲ್ಲಿ 'ಸರಸ್' ಬಿದ್ದು ವಾಯುಸೇನೆಯ ಮೂವರು ಅಧಿಕಾರಿಗಳು ತೀರಿಕೊಂಡರು: ಪ್ರವೀಣ್ ಕೋಟೆಕೊಪ್ಪ, ದಿಪೇಶ್ ಶಾ, ಇಳಯರಾಜ. ಬೆಂಗಳೂರಿನ ಎನ್‌ಎಎಲ್ ರೂಪಿಸುತ್ತಿದ್ದ 14 ಆಸನದ ಸಣ್ಣ ಸಾಗಣೆ ವಿಮಾನ ಅದು. ಅಂದಿನದು ಪರೀಕ್ಷಾ ಹಾರಾಟ, ಅಂದರೆ ಕಲಿಯುತ್ತಿದ್ದುದು ವಿಮಾನವೇ. ಆಕಾಶದಲ್ಲಿ ಬೇಕೆಂದೇ ಒಂದು ಎಂಜಿನ್ ನಿಲ್ಲಿಸಿ ಮತ್ತೆ ಹೊತ್ತಿಸಿ ನೋಡಬೇಕಿತ್ತು. ತನಿಖೆಯ ವರದಿ ಚಾಲಕರ ಕಡೆಯ ಕೊರತೆಗಳನ್ನು ಹೇಳಿತು, ನಿಜ. ಮೊದಲ ಯತ್ನ ಕೈಗೂಡದಾಗ ಹಾರಾಟ ನಿಲ್ಲಿಸಲಿಲ್ಲ ಎಂದಿತು. ಆದರೆ ಎಂಜಿನ್ ಹೊತ್ತಿಸಲು ವಿನ್ಯಾಸಕಾರರು ಬರೆದುಕೊಟ್ಟ ಕ್ರಮವೇ ತಪ್ಪಾಗಿತ್ತು, ಪ್ರೊಪೆಲರ್ ತಯಾರಿಸಿದವರನ್ನು ಕೇಳದೆ ಅದನ್ನು ರೂಪಿಸಿದ್ದರು ಎಂದೂ ಹೇಳಿತು. ಈ ಎರಡನೆಯ ಮಾತು ಹೊರಗೆ ಬರದೆ ಹೋಗಿದ್ದರೆ ಆ ಮೂರು ಮನೆಗಳಲ್ಲಿ ಏನು ಉಳಿಯುತ್ತಿತ್ತು ಎಂದು ಯೋಚಿಸಿ.

ಸೇನೆಯ ವಿಮಾನ ಬಿದ್ದಾಗಲೆಲ್ಲ ಕೋರ್ಟ್ ಆಫ್ ಎಂಕ್ವೈರಿ ನಡೆಯುತ್ತದೆ. ಅದರ ಪೂರ್ತಿ ವರದಿ ಸಾಮಾನ್ಯವಾಗಿ ನಮ್ಮಂಥವರ ಕೈಗೆ ಬರುವುದಿಲ್ಲ. ರಕ್ಷಣೆಯ ಗುಟ್ಟುಗಳಿರುತ್ತವೆ, ಒಪ್ಪೋಣ. 2021ರ ಡಿಸೆಂಬರ್ 8ರಂದು ಕೂನೂರಿನಲ್ಲಿ ಜನರಲ್ ಬಿಪಿನ್ ರಾವತ್ ಅವರಿದ್ದ ಹೆಲಿಕಾಪ್ಟರ್ ಬಿದ್ದಾಗ ಒಟ್ಟು 14 ಜನ ಹೋದರು. ಮರುತಿಂಗಳು ವಾಯುಸೇನೆ, ಹವೆ ಏಕಾಏಕಿ ಬದಲಾಗಿ ಮೋಡದೊಳಗೆ ಹೊಕ್ಕಿದ್ದರಿಂದ ಚಾಲಕನಿಗೆ ದಿಕ್ಕು ತಪ್ಪಿತು, ನಿರ್ಲಕ್ಷ್ಯವಲ್ಲ ಎಂದಿತು. 2024ರ ಡಿಸೆಂಬರ್‌ನಲ್ಲಿ ಸಂಸತ್ತಿನ ಸಮಿತಿಯ ವರದಿಯ ಪಟ್ಟಿಯಲ್ಲಿ ಅದೇ ಅಪಘಾತದ ಮುಂದೆ ಕಂಡದ್ದು 'ಮಾನವ ದೋಷ' ಎಂದಷ್ಟೆ, ಹಾರಿಸಿದವರದು ಎಂಬ ಗುರುತಿನೊಂದಿಗೆ. ಎರಡೂ ಒಂದೇ ಸಂಗತಿಯನ್ನೇ ಹೇಳುತ್ತಿರಬಹುದು. ಆದರೆ ಮೋಡದ ಕಥೆ ಕೇಳಿದ ಹೆಂಡತಿಗೂ, ಈ ಎರಡು ಪದ ಓದಿದ ಹೆಂಡತಿಗೂ ರಾತ್ರಿ ಒಂದೇ ರೀತಿ ಕಳೆಯುತ್ತದೆಯೆ?

ಆ ತಾಯಿಗೆ ನಾನು ಹೇಳಿದ್ದು ಇಷ್ಟನ್ನೇ. ಕಳಿಸುವುದು ಬಿಡುವುದು ನಿಮ್ಮಿಬ್ಬರ ಮಾತು. ಕಳಿಸಿದರೆ ಮಗಳೊಡನೆ ಕೇಳುವ ಹಕ್ಕನ್ನೂ ಕಳಿಸಿಕೊಟ್ಟೆ ಅಂದುಕೊಳ್ಳಬೇಡ. ಅದು ನಿನ್ನ ಹತ್ತಿರವೇ ಇರಲಿ.

ಆಕೆ ಮೊರದಲ್ಲಿದ್ದ ಅವರೆಕಾಯಿ ಸುಲಿಯುತ್ತ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾರ ತಗಂಡು ಬಂದೋರನ್ನ ಮೊದಲು ಕೂರಿಸ್ತೀನಿ ಕಣಕ್ಕಾ. ಏನಾಯ್ತು ಹೇಳಿ, ಆಮೇಲೆ ಹಾಕೀರಂತೆ, ಅಂತೀನಿ" ಎಂದಳು.

ಒಳಗಿನಿಂದ ಮಗಳ ದನಿ ಬಂತು: "ಅಮ್ಮಾ, ನಾನಿನ್ನೂ ಪರೀಕ್ಷೆಗೇ ಕಟ್ಟಿಲ್ಲ!"