ಉದುರಿದ ಹಲ್ಲು, ಕಚ್ಚಿದ ಗುರುತು



ಒಬ್ಬನು ಇನ್ನೊಬ್ಬನನ್ನು ಕೊಂದಿದ್ದಾನೆ, ತನ್ನ ಪ್ರಾಣ ಉಳಿಸಿಕೊಳ್ಳಲು ಬೇರೆ ದಾರಿಯೇ ಇರಲಿಲ್ಲವೆಂದು ಹೇಳುತ್ತಿದ್ದಾನೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗ ನೀವು ಮೊದಲು ಏನನ್ನು ನೋಡುತ್ತೀರಿ? ಮನಸ್ಸಿಗೆ ಮೋಸ ಮಾಡದೆ ಉತ್ತರಿಸಿ. ಜಗಳವನ್ನು ಯಾರು ಆರಂಭಿಸಿದರು ಎಂಬುದನ್ನೇ? ಸತ್ತವನ ಕೈಯಲ್ಲಿ ಆಯುಧವಿತ್ತೇ ಎಂಬುದನ್ನೇ? ಇಲ್ಲ. ನಾವು ಮೊದಲು ಹೆಸರು ನೋಡುತ್ತೇವೆ. ಕೊಂದವನು ನಮ್ಮವನಾಗಿದ್ದರೆ ಅದು ಆತ್ಮರಕ್ಷಣೆ, ಅವನ ಮೇಲೆ ಮೊಕದ್ದಮೆ ಹೂಡಿದ ಸರಕಾರಿ ವಕೀಲರು ಪಕ್ಷಪಾತಿ. ಸತ್ತವನು ನಮ್ಮವನಾಗಿದ್ದರೆ ಅದು ಹಾಡಹಗಲ ಕೊಲೆ, ಆರೋಪಿಗೆ ಬಿಡುಗಡೆಯಾದರೆ ಅದೇ ಸರಕಾರಿ ವಕೀಲರು ಹಣ ತಿಂದವರು. ಎರಡು ಕಡೆಯಲ್ಲೂ ನಮಗೆ ಅವರ ಮೇಲೆ ನಂಬಿಕೆಯಿಲ್ಲ. ಈ ಅಪನಂಬಿಕೆಯಲ್ಲಿ ಎಷ್ಟು ನ್ಯಾಯವಾದುದು, ಎಷ್ಟು ನಮ್ಮದೇ ಮನಸ್ಸಿನ ಕೊಳೆ ಎಂಬುದನ್ನು ಇಂದು ಸ್ವಲ್ಪ ನಿಧಾನವಾಗಿ ನೋಡೋಣ.

ಸಹೀಹ್ ಬುಖಾರಿ ಮತ್ತು ಸಹೀಹ್ ಮುಸ್ಲಿಂನಲ್ಲಿ ಒಂದು ಘಟನೆ ವರದಿಯಾಗಿದೆ. ಇಬ್ಬರು ಜಗಳಾಡಿದರು. ಒಬ್ಬನು ಇನ್ನೊಬ್ಬನ ಕೈಯನ್ನು ಹಲ್ಲಿನಿಂದ ಬಲವಾಗಿ ಕಚ್ಚಿ ಹಿಡಿದನು. ಕಚ್ಚಿಸಿಕೊಂಡವನು ನೋವು ತಾಳಲಾರದೆ ಕೈಯನ್ನು ಜೋರಾಗಿ ಎಳೆದುಕೊಂಡಾಗ ಕಚ್ಚಿದವನ ಮುಂದಿನ ಹಲ್ಲು ಉದುರಿತು. ಹಲ್ಲಿಗೆ ಪರಿಹಾರ ಬೇಕೆಂಬ ದೂರು ಪ್ರವಾದಿವರ್ಯರ(ಸ) ಮುಂದೆ ಬಂತು. ಹಲ್ಲಿಗೆ ಹಲ್ಲು ಎಂಬ ನಿಯಮವಿದ್ದ ಸಮಾಜವದು. ಆದರೂ ಪ್ರವಾದಿವರ್ಯರು(ಸ) ಪರಿಹಾರ ಕೊಡಿಸಲಿಲ್ಲ. ಗಂಡು ಒಂಟೆಯಂತೆ ಕಚ್ಚಿದವನಿಗೆ ಅವನು ತನ್ನ ಕೈಯನ್ನು ಬಿಟ್ಟುಕೊಟ್ಟು ಕುಳಿತುಕೊಳ್ಳಬೇಕಿತ್ತೇ ಎಂಬ ಅರ್ಥದಲ್ಲಿ ಕೇಳಿ ದೂರನ್ನು ತಳ್ಳಿಹಾಕಿದರು.

ದರ್ಸ್‌ನಲ್ಲಿ ಫತ್‌ಹುಲ್ ಮುಈನ್ ಓದಿದವರಿಗೆ ಆಕ್ರಮಣಕಾರನನ್ನು ತಡೆಯುವ ಅಧ್ಯಾಯ ನೆನಪಿರಬಹುದು. ಕೂಗಿ ಕರೆದರೆ ಸಾಕಾಗುವಲ್ಲಿ ಕೈ ಎತ್ತಬಾರದು. ಕೈ ಸಾಕಾಗುವಲ್ಲಿ ಕೋಲು ಬೇಡ. ಗಾಯಗೊಳಿಸಿದರೆ ನಿಲ್ಲುವವನ ಪ್ರಾಣ ತೆಗೆಯುವಂತಿಲ್ಲ. ಹಗುರವಾದುದರಿಂದ ಆರಂಭಿಸಿ ಅಗತ್ಯವಿದ್ದಷ್ಟೇ ಮೇಲಕ್ಕೆ ಹೋಗಬೇಕು. ನಮ್ಮ ದೇಶದ ಕಾನೂನೂ ಬಹುಮಟ್ಟಿಗೆ ಇದನ್ನೇ ಹೇಳುತ್ತದೆ. ಭಾರತೀಯ ದಂಡ ಸಂಹಿತೆಯ 96ರಿಂದ 106ರವರೆಗಿನ ಕಲಮುಗಳಲ್ಲಿದ್ದ ಈ ಹಕ್ಕು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿದೆ. ಕಾನೂನಿನ ವಿಷಯದಲ್ಲಿ ದೊಡ್ಡ ತಕರಾರಿಲ್ಲ. ತಕರಾರಿರುವುದು ಅದಕ್ಕಿಂತ ಮೊದಲಿನ ಹೆಜ್ಜೆಯಲ್ಲಿ.

ಆ ಹದೀಸ್‌ನ ಘಟನೆಯನ್ನು ಇನ್ನೊಮ್ಮೆ ಯೋಚಿಸಿ. ದೂರು ತಂದವನ ಬಳಿ ಎಲ್ಲರಿಗೂ ಕಾಣುವ ಪುರಾವೆಯಿತ್ತು: ಉದುರಿದ ಹಲ್ಲು. ಇನ್ನೊಬ್ಬನ ಬಳಿ ಇದ್ದುದು ಕೈಯ ಮೇಲಿನ ಕಚ್ಚಿದ ಗುರುತು ಮಾತ್ರ. ಹಲ್ಲನ್ನು ತೋರಿಸಿ ಗುರುತನ್ನು ಮುಚ್ಚಿಟ್ಟಿದ್ದರೆ? ಯಾರೂ ಸುಳ್ಳು ಹೇಳಬೇಕಾಗಿರಲಿಲ್ಲ. ಹಲ್ಲು ಉದುರಿದ್ದು ಸತ್ಯ, ಉದುರಿಸಿದವನು ಇವನೇ ಎಂಬುದೂ ಸತ್ಯ. ಪ್ರತಿಯೊಂದು ಮಾತೂ ಸತ್ಯವಾಗಿದ್ದು ಒಟ್ಟು ಕತೆ ಮಾತ್ರ ಸುಳ್ಳಾಗುತ್ತಿತ್ತು.

ಆತ್ಮರಕ್ಷಣೆಯ ಮೊಕದ್ದಮೆಗಳ ಜೀವ ಇಲ್ಲಿದೆ. ನಮ್ಮ ಸುಪ್ರೀಂ ಕೋರ್ಟು ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡಿದೆ. ಆತ್ಮರಕ್ಷಣೆಯ ವಾದವನ್ನು ಆರೋಪಿ ಬಾಯಿಬಿಟ್ಟು ಹೇಳದಿದ್ದರೂ ಸಾಕ್ಷ್ಯಗಳಲ್ಲಿ ಅದು ಕಂಡುಬಂದರೆ ನ್ಯಾಯಾಲಯ ಪರಿಗಣಿಸಬಹುದೆಂದು 1967ರ ಮುನ್ಶಿ ರಾಮ್ ಪ್ರಕರಣದಲ್ಲಿ ಅದು ಹೇಳಿತು. ಆರೋಪಿ ಅದನ್ನು ಸಂಶಯಕ್ಕೆಡೆಯಿಲ್ಲದಂತೆ ಸಾಬೀತುಪಡಿಸಬೇಕಾಗಿಲ್ಲ, ಹಾಗೆ ನಡೆದಿರುವ ಸಂಭವವೇ ಹೆಚ್ಚೆಂದು ತೋರಿಸಿದರೆ ಸಾಕು. 1976ರ ಲಕ್ಷ್ಮಿ ಸಿಂಗ್ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಘಟನೆಯ ವೇಳೆ ಆರೋಪಿಯ ಮೈಮೇಲೆ ಆದ ಗಾಯಗಳು ಹೇಗಾದವೆಂದು ಪ್ರಾಸಿಕ್ಯೂಷನ್ ವಿವರಿಸದೆ ಹೋದರೆ, ಅದು ಘಟನೆಯ ಮೂಲವನ್ನೇ ಮುಚ್ಚಿಟ್ಟಿದೆ ಎಂದು ನ್ಯಾಯಾಲಯ ಊಹಿಸಬಹುದೆಂದಿತು. ಚರ್ಮ ತರಚಿದ ಸಣ್ಣ ಗಾಯಕ್ಕೆ ಈ ಮಾತು ಅನ್ವಯಿಸಲಿಕ್ಕಿಲ್ಲ. ಆದರೆ ನಿಜವಾದ ಗಾಯವಿದ್ದಲ್ಲಿ ಕಚ್ಚಿದ ಗುರುತಿನ ಲೆಕ್ಕವನ್ನು ಕೊಡಲೇಬೇಕು.

ಆ ಲೆಕ್ಕ ಕೊಡಬೇಕಾದವರು ಯಾರು? ಪಬ್ಲಿಕ್ ಪ್ರಾಸಿಕ್ಯೂಟರ್. ಅವರ ಕೆಲಸ ಹೇಗಾದರೂ ಶಿಕ್ಷೆ ಕೊಡಿಸುವುದೆಂದು ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದಾರೆ. ಅದು ತಪ್ಪು. ಆರೋಪಿಗೆ ಅನುಕೂಲವಾದ ಸಂಗತಿ ಇದ್ದರೆ ಅದನ್ನು ಮರೆಮಾಚುವುದು ಅವರಿಗೆ ಸಲ್ಲದೆಂದು, ಅವರು ನ್ಯಾಯಾಲಯಕ್ಕೂ ಆರೋಪಿಗೂ ನ್ಯಾಯವಾಗಿ ನಡೆದುಕೊಳ್ಳಬೇಕೆಂದು 1999ರ ಶಿವಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆರೋಪಿಯ ವಕೀಲನಿಗೆ ಒಂದು ಕಡೆ ಸಾಕು, ಪ್ರಾಸಿಕ್ಯೂಟರರಿಗೆ ಎರಡೂ ಕಡೆ ಬೇಕು. ಆದುದರಿಂದಲೇ ಆ ಸ್ಥಾನದಲ್ಲಿರುವವರು ತಪ್ಪಿದಾಗ ಅನ್ಯಾಯವು ಬಹಳ ಆಳಕ್ಕಿಳಿಯುತ್ತದೆ.

ಅದು ಎಷ್ಟು ಆಳಕ್ಕಿಳಿಯಬಹುದೆಂದು ತಿಳಿಯಲು ಅಮೆರಿಕದ ಒಂದು ಪ್ರಕರಣವನ್ನು ನೋಡಬೇಕು. 2020ರ ಫೆಬ್ರವರಿ 23. ಜಾರ್ಜಿಯ ರಾಜ್ಯದ ಬ್ರನ್ಸ್‌ವಿಕ್ ಪಟ್ಟಣದ ಸಮೀಪ ಅಹ್ಮದ್ ಆರ್ಬೆರಿ ಎಂಬ 25 ವರ್ಷದ ಕರಿಯ ಯುವಕ ರಸ್ತೆಯಲ್ಲಿ ಓಡುತ್ತಿದ್ದ. (ಹೆಸರು ಕೇಳಿ ನಮ್ಮವನೆಂದುಕೊಳ್ಳಬೇಡಿ, ಅವನು ಮುಸ್ಲಿಮನಲ್ಲ. ಹೆಸರು ಕೇಳಿದ ಕೂಡಲೇ ನಿಮ್ಮ ಮನಸ್ಸು ಒಂದು ಕಡೆಗೆ ವಾಲಿದ್ದರೆ ಅದನ್ನೂ ಗಮನಿಸಿಕೊಳ್ಳಿ.) ಇವನು ಕಳ್ಳನಿರಬೇಕೆಂದು ಶಂಕಿಸಿ ಬಿಳಿಯರಾದ ತಂದೆ ಮಗ ಇಬ್ಬರು ಬಂದೂಕು ಹಿಡಿದು ವಾಹನದಲ್ಲಿ ಬೆನ್ನಟ್ಟಿದರು. ನೆರೆಯವನೊಬ್ಬ ತನ್ನ ವಾಹನದಲ್ಲಿ ಸೇರಿಕೊಂಡು ಮೊಬೈಲಿನಲ್ಲಿ ಚಿತ್ರೀಕರಿಸಿದ. ಕೊನೆಗೆ ದಾರಿಗಡ್ಡ ನಿಂತ ಮಗನ ಬಂದೂಕಿಗೆ ಆ ಬರಿಗೈಯ ಯುವಕ ಕೈಹಾಕಿ ಸೆಣಸಾಡಿದ, ಗುಂಡು ತಿಂದು ಸತ್ತ. ಅವನು ಬಂದೂಕು ಕಸಿಯಲು ಬಂದ, ಆತ್ಮರಕ್ಷಣೆಗಾಗಿ ಹೊಡೆದೆ ಎಂದ ಮಗ.

ಆ ತಂದೆ ಬಹುಕಾಲ ಅಲ್ಲಿನ ಪ್ರಾಸಿಕ್ಯೂಟರರ ಕಚೇರಿಯಲ್ಲೇ ತನಿಖಾಧಿಕಾರಿಯಾಗಿದ್ದವನು. ಅಲ್ಲಿನ ಪ್ರಾಸಿಕ್ಯೂಟರ್ ಪ್ರಕರಣದಿಂದ ಹಿಂದೆ ಸರಿದರು. ಪಕ್ಕದ ಪ್ರದೇಶದಿಂದ ಬಂದ ಎರಡನೆಯ ಪ್ರಾಸಿಕ್ಯೂಟರರ ಮಗನೂ ಅದೇ ಮೊದಲ ಕಚೇರಿಯಲ್ಲಿ ಕೆಲಸಕ್ಕಿದ್ದ. ಸತ್ತವನ ತಾಯಿ ಆಕ್ಷೇಪಿಸಿದ ಮೇಲೆ ಅವರೂ ಸರಿದರು. ಆದರೆ ಸರಿಯುವಾಗ ಪೊಲೀಸರಿಗೊಂದು ಪತ್ರ ಬರೆದರು: ಬೆನ್ನಟ್ಟಿದ್ದು ಕಾನೂನುಬದ್ಧ, ಗುಂಡು ಹೊಡೆದದ್ದು ಆತ್ಮರಕ್ಷಣೆ, ಬಂಧನಕ್ಕೆ ಆಧಾರವಿಲ್ಲ. ವೀಡಿಯೋ ನೋಡಿದ ಮೇಲೂ ಹೀಗೆ ಬರೆದರು. ಎಪ್ಪತ್ತಕ್ಕೂ ಹೆಚ್ಚು ದಿನ ಯಾರನ್ನೂ ಬಂಧಿಸಲಿಲ್ಲ. ಮೇ 5ರಂದು ಆ ವೀಡಿಯೋ ಬಹಿರಂಗವಾಯಿತು, ಎರಡೇ ದಿನದಲ್ಲಿ ತಂದೆ ಮಗನ ಬಂಧನವಾಯಿತು. ಎರಡೂವರೆ ತಿಂಗಳಿನಲ್ಲಿ ಹೊಸ ಸಾಕ್ಷ್ಯವೇನೂ ಹುಟ್ಟಿರಲಿಲ್ಲ. ಅಧಿಕಾರಿಗಳು ಮೊದಲೇ ನೋಡಿದ್ದನ್ನು ಜನರೂ ನೋಡಿದ್ದರು, ಅಷ್ಟೇ. ಇಂತಹ ಕಡೆ ಪ್ರಾಸಿಕ್ಯೂಟರರನ್ನು ನಂಬಬೇಡಿರೆಂದು ಜನರಿಗೆ ಯಾರೂ ಕಲಿಸಬೇಕಾಗಿಲ್ಲ.

ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಬೇರೆ ಪ್ರದೇಶದ ಪ್ರಾಸಿಕ್ಯೂಟರರು ಅದೇ ಪ್ರಕರಣವನ್ನು ವಹಿಸಿಕೊಂಡರು. ಅವರ ವಾದ ಸರಳವಾಗಿತ್ತು: ಬಂದೂಕು ಹಿಡಿದು ಬೆನ್ನಟ್ಟಿ ದಾರಿಗಡ್ಡ ನಿಂತವರು ತಾವೇ ಆಕ್ರಮಣ ಆರಂಭಿಸಿದವರು, ಆತ್ಮರಕ್ಷಣೆಯ ಹಕ್ಕಿದ್ದುದು ಓಡುತ್ತಿದ್ದವನಿಗೆ. ಹನ್ನೆರಡು ಮಂದಿಯ ಜ್ಯೂರಿಯಲ್ಲಿ ಹನ್ನೊಂದು ಮಂದಿ ಬಿಳಿಯರಿದ್ದರು. 2021ರ ನವೆಂಬರ್ 24ರಂದು ಅವರೆಲ್ಲ ಒಮ್ಮತದಿಂದ ಮೂವರನ್ನೂ ಕೊಲೆಯ ಅಪರಾಧಿಗಳೆಂದರು. ಆರಂಭದಲ್ಲಿ ಹಿಂದೆ ಸರಿದ ಪ್ರಾಸಿಕ್ಯೂಟರರ ಮೇಲೂ ಮೊಕದ್ದಮೆಯಾಗಿತ್ತು. 2025ರಲ್ಲಿ ನ್ಯಾಯಾಧೀಶರು ಅದನ್ನು ವಜಾ ಮಾಡಿದರು ಎಂಬುದನ್ನೂ ಹೇಳಲೇಬೇಕು. ಇಲ್ಲದಿದ್ದರೆ ನಾನೂ ಹಲ್ಲನ್ನು ತೋರಿಸಿ ಗುರುತನ್ನು ಮುಚ್ಚಿಟ್ಟಂತಾಗುತ್ತದೆ.

ಈ ತೀರ್ಪಿಗೆ ಐದು ದಿನ ಮೊದಲು ವಿಸ್ಕಾನ್ಸಿನ್ ರಾಜ್ಯದ ಕೆನೋಶಾದಲ್ಲಿ ಇನ್ನೊಂದು ತೀರ್ಪು ಬಂದಿತ್ತು. ಗಲಭೆಯ ರಾತ್ರಿ ಬಂದೂಕಿನಿಂದ ಇಬ್ಬರನ್ನು ಕೊಂದು ಒಬ್ಬನನ್ನು ಗಾಯಗೊಳಿಸಿದ್ದ ಹದಿನೇಳು ವರ್ಷದ ಹುಡುಗನ ಆತ್ಮರಕ್ಷಣೆಯ ವಾದವನ್ನು ಜ್ಯೂರಿ ಒಪ್ಪಿ ಬಿಡುಗಡೆ ಮಾಡಿತು. ಅಲ್ಲಿ ಒಂದು ಪಕ್ಷದವರು, ಹುಡುಗನನ್ನು ರಾಜಕೀಯಕ್ಕಾಗಿ ಸಿಕ್ಕಿಸಿದರೆಂದು ಪ್ರಾಸಿಕ್ಯೂಟರರನ್ನು ಬೈದರು. ಇನ್ನೊಂದು ಪಕ್ಷದವರು ಮೊಕದ್ದಮೆಯನ್ನು ಸರಿಯಾಗಿ ನಡೆಸಲಿಲ್ಲವೆಂದು ಅವರನ್ನೇ ಬೈದರು. ಬೈದವರಲ್ಲಿ ಎಷ್ಟು ಮಂದಿ ಕೂತು ಸಾಕ್ಷ್ಯ ಕೇಳಿದ್ದರೋ ಅಲ್ಲಾಹನೇ ಬಲ್ಲ.

ನಮ್ಮ ದೇಶದಲ್ಲಿ ಪ್ರಾಸಿಕ್ಯೂಟರರನ್ನು ಅಲ್ಲಿನಂತೆ ಜನರು ಚುನಾಯಿಸುವುದಿಲ್ಲ, ಸರಕಾರ ನೇಮಿಸುತ್ತದೆ. ಸರಕಾರ ಬದಲಾದರೆ ಅವರೂ ಬದಲಾಗುವುದು ಸಾಮಾನ್ಯ. ಆದುದರಿಂದ ಇಲ್ಲಿಯ ಅಪನಂಬಿಕೆಗೂ ಕಾರಣಗಳಿವೆ. ಆತ್ಮರಕ್ಷಣೆಯ ಪ್ರಕರಣವಲ್ಲದಿದ್ದರೂ ಬೆಸ್ಟ್ ಬೇಕರಿಯನ್ನು ಇಲ್ಲಿ ಮರೆಯುವಂತಿಲ್ಲ. 2002ರ ಮಾರ್ಚ್‌ನಲ್ಲಿ ವಡೋದರದಲ್ಲಿ ಹದಿನಾಲ್ಕು ಮಂದಿಯನ್ನು ಕೊಂದ ಆ ಪ್ರಕರಣದಲ್ಲಿ 2003ರಲ್ಲಿ ಎಲ್ಲ 21 ಆರೋಪಿಗಳೂ ಬಿಡುಗಡೆಯಾದರು. 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಪಬ್ಲಿಕ್ ಪ್ರಾಸಿಕ್ಯೂಟರ್ ಆರೋಪಿಗಳ ವಕೀಲನಂತೆ ನಡೆದುಕೊಂಡರೆಂದು ಖಂಡಿಸಿ ಗುಜರಾತಿನ ಹೊರಗೆ ಮರುವಿಚಾರಣೆಗೆ ಆದೇಶಿಸಿತು. ಇದನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಮಾಡಬೇಕಾದುದೇ. ಆದರೆ ಪ್ರಾಸಿಕ್ಯೂಟರ್ ನಮ್ಮವರ ಪರವಾಗಿ ವಾಲಿದ್ದರೆ ಇಷ್ಟೇ ಗಟ್ಟಿಯಾಗಿ ಖಂಡಿಸುತ್ತಿದ್ದೆವೇ?

ಪವಿತ್ರ ಕುರ್‌ಆನಿನ ನಿಸಾ ಅಧ್ಯಾಯದ 105ನೆಯ ಸೂಕ್ತವೂ ಅದರ ಮುಂದಿನವುಗಳೂ ಅವತೀರ್ಣವಾದ ಹಿನ್ನೆಲೆ ಇದೇ ಪ್ರಶ್ನೆಯದು. ಮದೀನದಲ್ಲಿ ತುಅ್‌ಮಾ ಎಂಬವನು ಕಳವು ಮಾಡಿ, ಕದ್ದ ಮಾಲನ್ನು ಒಬ್ಬ ಯಹೂದಿಯ ಮನೆಗೆ ಸೇರಿಸಿದನೆಂದೂ ಅವನ ಕುಲದವರೆಲ್ಲ ಸೇರಿ ಅವನ ಪರವಾಗಿ ವಾದಿಸಿದರೆಂದೂ ತಫ್ಸೀರ್ ಗ್ರಂಥಗಳಲ್ಲಿ ಬಂದಿದೆ. ಕುಲದವರಿಗೆ ನಮ್ಮವನನ್ನು ಉಳಿಸಬೇಕೆಂಬ ಒಂದೇ ಆಸೆ. ಆಗ ಅಲ್ಲಾಹನು ನಂಬಿಕೆದ್ರೋಹಿಗಳ ಪರವಾಗಿ ವಾದಿಸದಿರಲು ಆದೇಶಿಸಿ ಯಹೂದಿಯ ನಿರಪರಾಧಿತ್ವವನ್ನು ಬಯಲುಮಾಡಿದನು. ಗಮನಿಸಿ, ಎಚ್ಚರಿಕೆ ಬಂದುದು ಕದ್ದವನ ಕುರಿತು ಮಾತ್ರವಲ್ಲ, ಅವನಿಗಾಗಿ ನಾಲಿಗೆ ಆಡಿಸಿದವರ ಕುರಿತೂ ಹೌದು.

ಇದನ್ನು ಮಕ್ಕಳಿಗೆ ಪಾಠ ಮಾಡುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಯಾಕೆಂದು ಹೇಳಿಬಿಡುತ್ತೇನೆ.

ನಾನಾಗ ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ನಮ್ಮೂರಿನಲ್ಲಿ ತೋಡಿನ ನೀರಿಗಾಗಿ ಎರಡು ಅಡಿಕೆ ತೋಟದವರ ನಡುವೆ ಜಗಳವಾಯಿತು. ಒಬ್ಬರು ನಮ್ಮ ಜಮಾಅತಿನವರು, ಇನ್ನೊಬ್ಬರು ನೆರೆಯ ಹಿಂದೂ ಕುಟುಂಬದವರು. ನೆರೆಯವರು ಗುದ್ದಲಿಯಿಂದ ಹೊಡೆದ ಏಟಿಗೆ ನಮ್ಮವರ ಒಂದು ಕಣ್ಣು ಹೋಯಿತು. ಬೊಬ್ಬೆ ಕೇಳಿ ಓಡಿಹೋದವರಲ್ಲಿ ನಾನೂ ಒಬ್ಬ. ನಮ್ಮವರ ಪಕ್ಕದಲ್ಲಿ ಅವರ ಕತ್ತಿ ಬಿದ್ದಿತ್ತು. ನೆರೆಯವರ ಮೊಣಕೈಯಿಂದ ಮಣಿಕಟ್ಟಿನ ತನಕ ಸೀಳಿಹೋಗಿ ಅವರು ಬೈರಾಸು ಸುತ್ತಿಕೊಂಡು ಕೂತಿದ್ದರು. ಬೈರಾಸು ಪೂರ್ತಿ ರಕ್ತದಲ್ಲಿ ನೆನೆದಿತ್ತು.

ಪೊಲೀಸರು ಹೇಳಿಕೆ ಪಡೆಯಲು ಬರುವ ಮುಂಚೆ ಜಮಾಅತಿನ ಹಿರಿಯರೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಸುಳ್ಳು ಹೇಳಬೇಡ ಮೋನೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು" ಎಂದರು. ಪೊಲೀಸರು ನಮ್ಮವರ ಕಣ್ಣಿನ ಬಗ್ಗೆ, ಗುದ್ದಲಿಯ ಬಗ್ಗೆ ಕೇಳಿದರು. ಬೈರಾಸಿನ ಬಗ್ಗೆ ಕೇಳಲಿಲ್ಲ. ನಾನು ಹೇಳಲಿಲ್ಲ. ಅಲ್ಲಿದ್ದ ಯಾರೂ ಹೇಳಲಿಲ್ಲ. ಕತ್ತಿ ಅಷ್ಟು ಹೊತ್ತಿಗೆ ಅಲ್ಲಿರಲಿಲ್ಲ. ಆರೋಪ ಪಟ್ಟಿಯಲ್ಲಿ ಆ ಗಾಯದ ಸುದ್ದಿಯೇ ಇಲ್ಲ.

ವಿಚಾರಣೆಯಲ್ಲಿ ಆರೋಪಿಯ ವಕೀಲರು ಆಸ್ಪತ್ರೆಯ ದಾಖಲೆ ತಂದು ಮುಂದಿಟ್ಟರು. ಅದೇ ರಾತ್ರಿ ಅವರ ಕೈಗೆ ಹೊಲಿಗೆ ಹಾಕಿದ್ದು ಅದರಲ್ಲಿತ್ತು. ಈ ಗಾಯ ಹೇಗಾಯಿತೆಂದು ನ್ಯಾಯಾಧೀಶರು ಕೇಳಿದಾಗ ಸರಕಾರಿ ವಕೀಲರ ಬಳಿ ಉತ್ತರವಿರಲಿಲ್ಲ. ಎಲ್ಲಿಂದ ಇರಬೇಕು? ನಾವು ಯಾರೂ ಅವರಿಗೆ ಕೊಟ್ಟಿರಲಿಲ್ಲ. ಗಾಯಾಳುವಾದ ಆರೋಪಿಯ ಕಡತವನ್ನು ತಾವೇ ತರಿಸಿ ನೋಡಬೇಕಿತ್ತು ಎಂಬ ತಪ್ಪು ಅವರದೂ ಪೊಲೀಸರದೂ ಹೌದು. ನೆರೆಯವರು ಬಿಡುಗಡೆಯಾದರು.

ಅಂದು ಸಂಜೆ ಚಹಾದಂಗಡಿಯಲ್ಲಿ ಒಂದೇ ಮಾತು: "ಪ್ರಾಸಿಕ್ಯೂಟರ್ ಹಣ ತಿಂದಿದ್ದಾನೆ. ನಮ್ಮವರಿಗೆ ಎಲ್ಲಿ ನ್ಯಾಯ?" ನನಗೆ ಬುದ್ಧಿ ಹೇಳಿದ ಹಿರಿಯರೂ ಅದನ್ನೇ ಹೇಳುತ್ತಿದ್ದರು. ಅವರು ಕೆಟ್ಟವರಲ್ಲ, ಐದು ಹೊತ್ತೂ ಮಸೀದಿಯ ಮೊದಲ ಸಾಲಿನಲ್ಲಿರುವವರು. ತಾವು ಹೇಳುತ್ತಿರುವುದನ್ನು ಅವರು ನಂಬಿದ್ದರು. ನಾನು ಚಹಾ ಕುಡಿದು ಎದ್ದುಬಂದೆ.

ಒಂದೆರಡು ವರ್ಷಗಳ ನಂತರ ಕಣ್ಣು ಕಳಕೊಂಡವರ ಮನೆಗೆ ಹೋಗಿ, ಅಂದು ನಾನು ನೋಡಿದ್ದನ್ನೂ ಹೇಳದೆ ಉಳಿಸಿದ್ದನ್ನೂ ಅವರಿಗೆ ಹೇಳಿದೆ. ಅವರು ತುಂಬ ಹೊತ್ತು ಸುಮ್ಮನಿದ್ದು, "ಮೊದಲು ಕತ್ತಿ ಎತ್ತಿದ್ದು ನಾನೇ" ಎಂದರು. ನೆರೆಯವರ ಮನೆಗೂ ಹೋದೆ. ಅವರು ಒಳಗೆ ಕರೆಯಲಿಲ್ಲ, ಜಗಲಿಯಲ್ಲೇ ನಿಂತು ಕೇಳಿಸಿಕೊಂಡು, "ಆಗ ಹೇಳಿದ್ದರೆ ನನಗೆ ಆರು ತಿಂಗಳು ಜೈಲು ತಪ್ಪುತ್ತಿತ್ತು" ಎಂದಷ್ಟೇ ಹೇಳಿ ತೋಟಕ್ಕೆ ಇಳಿದರು.

ಆ ಸರಕಾರಿ ವಕೀಲರು ಈಗ ನಿವೃತ್ತರು. ಅವರು ಹಣ ತಿಂದರೆಂಬ ಮಾತು ನಮ್ಮೂರಿನಲ್ಲಿ ಇಂದಿಗೂ ನಡೆಯುತ್ತದೆ. ಹಾಗಲ್ಲವೆಂದು ನಾನು ಎರಡು ಮೂರು ಸಲ ಹೇಳಿ ನೋಡಿದ್ದೇನೆ. ಯಾರೂ ನಂಬುವುದಿಲ್ಲ.