ಸತ್ಯಾಣುವ್ರತವೂ ಪರರ ಗುಟ್ಟೂ

ಸುಳ್ಳಾಡದಿರುವುದೇ ಸತ್ಯಾಣುವ್ರತವೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ದಿಗಂಬರ, ಶ್ವೇತಾಂಬರ ಎರಡೂ ಪರಂಪರೆಗಳಿಗೆ ಮಾನ್ಯವಾದ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಈ ವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಎರಡು ಗುಟ್ಟಿಗೆ ಸಂಬಂಧಿಸಿದವು. ಏಕಾಂತದಲ್ಲಿ ನಡೆದುದನ್ನು ಬಯಲಿಗೆಳೆಯುವುದು ರಹೋಭ್ಯಾಖ್ಯಾನ. ಪರರ ಮುಖಭಾವ, ಸನ್ನೆಗಳಿಂದ ಊಹಿಸಿದುದನ್ನು ಹೊರಗೆಡಹುವುದು ಸಾಕಾರಮಂತ್ರಭೇದ. ಆಡಿದ ಮಾತು ದಿಟವಾಗಿದ್ದರೂ ವ್ರತಕ್ಕೆ ಕಲೆ ತಗಲುತ್ತದೆ.

ದನದ ಸಂತೆಯಲ್ಲಿ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ದರ ಹೇಳುವುದನ್ನು ಕಂಡವರಿಗೆ ಎರಡನೆಯದನ್ನು ವಿವರಿಸಬೇಕಾಗಿಲ್ಲ. ಬದಿಯಲ್ಲಿ ನಿಂತವನು ಮುಖ ನೋಡಿಯೇ ಬೆಲೆಯನ್ನು ಊಹಿಸಬಲ್ಲ. ಊಹಿಸಿದುದನ್ನು ಸಾರುವ ಅಧಿಕಾರ ಅವನಿಗಿಲ್ಲ. ಇಂದು ಈ ಊಹೆಯ ಕೆಲಸವನ್ನು ಗಣಕಯಂತ್ರಗಳು ಮಾಡುತ್ತಿವೆ: ಔಷಧಿಯಂಗಡಿಯ ಬಿಲ್ಲಿನಿಂದ ರೋಗವನ್ನು, ಸಾಲದ ಕಂತಿನಿಂದ ಮನೆಯ ಸ್ಥಿತಿಯನ್ನು.

ಖಾಸಗಿತನದ ಹಕ್ಕು ಈ ದೇಶದಲ್ಲಿ ಸ್ಥಿರಪಟ್ಟುದರ ಹಿಂದೆ ಕನ್ನಡ ನಾಡಿನವರೇ ಒಬ್ಬರಿದ್ದಾರೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂದಿತು. 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾಗಿ, ಮುಖ್ಯ ಕರ್ತವ್ಯಗಳಿಗೆ 18 ತಿಂಗಳ ಅವಧಿ ದೊರೆಯಿತು. ಯಾವ ಉದ್ದೇಶಕ್ಕೆ ಒಪ್ಪಿಗೆಯಿತ್ತಿದ್ದಾರೋ ಅದಕ್ಕಷ್ಟೇ ವಿವರವನ್ನು ಬಳಸಬೇಕು, ಒಪ್ಪಿಗೆಯನ್ನು ಹಿಂಪಡೆಯಲು ಅವಕಾಶವಿರಬೇಕು ಎಂಬುದು ಅದರ ತಿರುಳು. ಕಾಗದದ ವಹಿಯಲ್ಲೇ ಉಳಿದ ವಿವರವು ಈ ಕಾಯಿದೆಯ ಹೊರಗೆ. ವ್ರತದ ಹೊರಗೇನೂ ಅಲ್ಲ.

ಬಸದಿಯ ಟ್ರಸ್ಟುಗಳು ಯೋಚಿಸಬೇಕಾದದ್ದು ಇಲ್ಲಿಯೇ. ಪೂಜೆಯ ರಸೀದಿಗೆಂದು ಬರೆಯಿಸಿದ ಫೋನ್ ಸಂಖ್ಯೆ ಕಟ್ಟಡ ವ್ಯಾಪಾರಿಯ ಕೈಸೇರಿದರೆ ಅದು ನ್ಯಾಸಾಪಹಾರವಲ್ಲವೇ? ಒಪ್ಪಿಸಿದ ಇಡುಗಂಟನ್ನು ಅಪಹರಿಸುವ ಈ ಅತಿಚಾರವೂ ಮೇಲಿನ ಐದರಲ್ಲೇ ಸೇರಿದೆ. ಹಾಗೆಂದು ಟ್ರಸ್ಟಿನ ಲೆಕ್ಕಪತ್ರವನ್ನು ಮುಚ್ಚಿಡಲು ಖಾಸಗಿತನದ ಹೆಸರು ಹೇಳುವುದು ಸಲ್ಲದು. ಗುಟ್ಟಿನ ಹಕ್ಕು ವ್ಯಕ್ತಿಯದು, ತಿಜೋರಿಯದಲ್ಲ.

ವಧೂವರರ ವಿವರಪತ್ರಗಳ ವಿಷಯ ಇನ್ನೂ ಸೂಕ್ಷ್ಮ. ಹಾವೇರಿಯಲ್ಲೊಂದು ಮನೆಯವರು ಒಬ್ಬ ಹಿರಿಯರಿಗೆ ಕೊಟ್ಟ ಜಾತಕ, ಭಾವಚಿತ್ರ, ಆದಾಯದ ವಿವರ ಸಂಜೆಯೊಳಗೆ ರಾಣೆಬೆನ್ನೂರು, ಬ್ಯಾಡಗಿಗಳ ನೂರಾರು ಫೋನುಗಳಲ್ಲಿರುವುದು ಸಾಧ್ಯ. ಮುರಿದ ನಿಶ್ಚಿತಾರ್ಥದ ಸುದ್ದಿಯೂ ಜೊತೆಗೇ ಸಾಗೀತು. “ಸಣ್ಣ ಊರು, ಎಲ್ಲರಿಗೂ ಗೊತ್ತಿದ್ದದ್ದೇ” ಎಂಬ ಸಮಾಧಾನ ಸಾಲದು. ಓಣಿಯವರಿಗೆ ತಿಳಿದಿರುವುದು ಬೇರೆ, ಅಳಿಸಲಾಗದಂತೆ ಹಂಚುವುದು ಬೇರೆ. ಆದರೆ ವರನ ಕಡೆಯವರು ಕನ್ಯೆಯ ಕಾಯಿಲೆಯ ಬಗ್ಗೆ ನೇರವಾಗಿ ಕೇಳಿದರೆ ಮಧ್ಯಸ್ಥನು ಏನು ಹೇಳಬೇಕು? ಇಲ್ಲವೆಂದರೆ ಸುಳ್ಳು, ಇದೆಯೆಂದರೆ ರಹೋಭ್ಯಾಖ್ಯಾನ. ಅದನ್ನು ಹೇಳುವ ಹಕ್ಕೂ ಹೊಣೆಯೂ ಆ ಮನೆಯವರದೇ. ಆದ್ದರಿಂದ ಅವನು ಕೇಳಿದವರನ್ನು ಅವರ ಬಳಿಗೇ ಕಳುಹಿಸಿ, ಮಾತು ಮುಗಿಯುವವರೆಗೆ ಹೊರಗೆ ಜಗಲಿಯ ಮೇಲೆ ಕುಳಿತಿರಬಹುದು.