ನಮ್ಮ ಮನೆಯಿಂದ ಶುರುವಾದ ಪಟ್ಟಿ

2024ರ ಮಾರ್ಚ್ ತಿಂಗಳು, ಬೆಳಗಿನ ಜಾವ ನಾಲ್ಕೂವರೆ. ಬೆಲ್ ಆಯಿತೆಂದು ಹೋಗಿ ನೋಡಿದರೆ ಗೇಟಿನ ಹೊರಗೆ ಸಣ್ಣ ವಯಸ್ಸಿನ ಹೆಣ್ಣುಮಗಳೊಬ್ಬಳು, ಪಕ್ಕದಲ್ಲಿ ನಮ್ಮ ರಸ್ತೆಗೆ ನೀರು ಬಿಡುವ ವಾಲ್ವ್‌ಮನ್.

"ಕಂಪ್ಲೇಂಟ್ ಕೊಟ್ಟಿದ್ದು ನೀವೇ ಅಲ್ವಾ ಸರ್? ನೀರು ಬಿಟ್ಟು ಇಪ್ಪತ್ತು ನಿಮಿಷ ಆಯ್ತು. ನಿಮ್ಮಲ್ಲಿಗೆ ಎಷ್ಟು ಬರ್ತಿದೆ ನೋಡೋಣ ಅಂತ ಬಂದೆ."

ಆಕೆ ನಮ್ಮ ಭಾಗಕ್ಕೆ ಹೊಸದಾಗಿ ಬಂದಿದ್ದ ಜಲಮಂಡಳಿಯ ಸಹಾಯಕ ಎಂಜಿನಿಯರ್. ಕೆಲಸಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ. ನಾನು ಕೊಟ್ಟಿದ್ದ ದೂರುಗಳು ಅಷ್ಟರಲ್ಲಿ ಐದೋ ಆರೋ ಆಗಿದ್ದವು. ಪ್ರತಿ ಸಲವೂ 'ನೀರು ಬಿಡಲಾಗಿದೆ' ಎಂದು ಬರೆದು ಮುಗಿಸಿದ್ದರು. ಹಾಗೆ ಬರೆದದ್ದು ಸುಳ್ಳೇನಲ್ಲ. ವಾಲ್ವ್ ತಿರುಗಿಸಿದ ಹೊತ್ತು ಪುಸ್ತಕದಲ್ಲಿತ್ತು. ಆಕೆಯೂ ಅದೇ ಸಾಲನ್ನು ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಬಸವೇಶ್ವರನಗರದಲ್ಲಿ ನಮ್ಮ ರಸ್ತೆ ಏರು ರಸ್ತೆ. ಕೊಳವೆ ಕೆಳಗಿನ ತುದಿಯಿಂದ ಬರುತ್ತದೆ, ನಮ್ಮ ಮನೆ ಮೇಲಿನ ತುದಿಯಲ್ಲಿದೆ. ಹಿಂದಿನ ವರ್ಷದ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿದ್ದರು. ಬೆಂಗಳೂರಿನಲ್ಲಿ ಸರ್ಕಾರಿ ಕೊಳವೆಬಾವಿಗಳು ಸಾವಿರಗಟ್ಟಲೆ ಬತ್ತಿದ್ದವು. ಕಾವೇರಿ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂಬ ಆದೇಶ ಬಂದಿತ್ತು. ಟ್ಯಾಂಕರ್‌ಗೆ ಫೋನ್ ಮಾಡಿದರೆ ಎತ್ತುವವರಿರಲಿಲ್ಲ. ಅಂಥ ದಿನಗಳಲ್ಲಿ ಏರಿನ ಕೊನೆಯ ಮನೆಯವನ ಕೋಪ ಹೇಗಿರುತ್ತದೆಂದು ವಿವರಿಸಬೇಕಿಲ್ಲ.

ಆಕೆ ಚೀಲದಿಂದ ಪ್ರೆಶರ್ ಗೇಜ್ ತೆಗೆದು ಮೀಟರ್ ಪಕ್ಕದ ನಲ್ಲಿಗೆ ಸಿಕ್ಕಿಸಿದಳು. ಮುಳ್ಳು ಅಲುಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತು ಕಿವಿಗೊಟ್ಟು ಕೇಳಿದಳು. ಅಂಗಳದ ಚಪ್ಪಡಿಯ ಕೆಳಗಿಂದ ಗುಂಯ್ ಎನ್ನುವ ಸದ್ದು ಬರುತ್ತಿತ್ತು.

"ಸರ್, ನಿಮ್ಮ ಮೋಟಾರ್ ಲೈನಿಗೇ ಹಾಕಿದೀರಾ?"

ಹಾಕಿದ್ದೆ. ಮೂರು ವರ್ಷದ ಹಿಂದೆ ಪ್ಲಂಬರ್ ಒಬ್ಬ, ಎಲ್ಲರೂ ಹಾಕಿಸಿದ್ದಾರೆ ಎಂದು ಹೇಳಿ ಅರ್ಧ ಎಚ್‌ಪಿಯದೊಂದು ಕೂರಿಸಿಕೊಟ್ಟಿದ್ದ. ಬೀದಿಯ ನೀರು ತಾನಾಗಿ ಸಂಪಿಗೆ ಬಿದ್ದ ಮೇಲೆ ಅಲ್ಲಿಂದ ಮೇಲಿನ ತೊಟ್ಟಿಗೆ ಮೋಟಾರ್ ಹಾಕಿ ಏರಿಸುವುದು ಕ್ರಮ. ಬೀದಿಯ ಕೊಳವೆಗೇ ಬಾಯಿ ಹಾಕಿ ಹೀರುವುದು ಕಾನೂನಿಗೆ ವಿರುದ್ಧ. ಇದು ನನಗೆ ಗೊತ್ತಿತ್ತು. ಅಷ್ಟೂ ದೂರುಗಳಲ್ಲಿ ಒಂದರಲ್ಲೂ ನಾನದನ್ನು ಬರೆದಿರಲಿಲ್ಲ.

ಆಕೆ ಬಯ್ಯಲಿಲ್ಲ. "ಈಗ ಅದು ಬರೀ ಗಾಳಿ ಎಳೀತಿದೆ, ಆಫ್ ಮಾಡಿ" ಎಂದು ಕೆಳಗಿಳಿದು ಹೊರಟಳು. ನಾನೂ ಹಿಂದೆ ಹೋದೆ. ಮೊದಲ ಮನೆಯಲ್ಲಿ ಗೇಜು ಒಂದು ಕೆಜಿಯ ಹತ್ತಿರ ತೋರಿಸಿತು. ಒಂದು ಕೆಜಿ ಎಂದರೆ ನೀರು ತಾನಾಗಿ ಹತ್ತು ಮೀಟರ್ ಏರಬಲ್ಲ ಒತ್ತಡ. ಒಂದಂತಸ್ತಿನ ಮನೆಗೆ ಏಳು ಮೀಟರ್, ಎರಡಂತಸ್ತಿಗೆ ಹನ್ನೆರಡು ಮೀಟರ್ ಉಳಿದಿರಬೇಕು ಎನ್ನುತ್ತಿತ್ತು ಕೇಂದ್ರ ಸರ್ಕಾರದ 1999ರ ನೀರು ಸರಬರಾಜು ಕೈಪಿಡಿ. ಆ ಮೊದಲ ಮನೆಯ ಸಂಪು ನೆಲದೊಳಗಿದೆ. ತಾನಾಗಿ ತುಂಬುವ ಅಂಥ ಸಂಪಿಗೂ ಅವರು ಮೋಟಾರ್ ಹಚ್ಚಿದ್ದರು. ಹೀಗೆ ರಸ್ತೆ ಏರಿದಂತೆ ಒಂದೊಂದು ಮನೆಯಲ್ಲೂ ಮುಳ್ಳು ಇಳಿಯುತ್ತ ಬಂತು. 19 ಮನೆಗಳಲ್ಲಿ 11ರಲ್ಲಿ ಮೋಟಾರ್ ಇತ್ತು.

ಆಮೇಲೆ ಆಕೆ ಮಾಡಿದ್ದನ್ನು ನಾನು ಮರೆಯಲಾರೆ. ಗೇಟಿನಿಂದ ಗೇಟಿಗೆ ಹೋಗಿ, ಅಕ್ಕ, ಅಂಕಲ್, ಅಜ್ಜಿ ಎಂದು ಎಬ್ಬಿಸಿ, ಇಪ್ಪತ್ತೇ ನಿಮಿಷ ಎಲ್ಲರೂ ಮೋಟಾರ್ ನಿಲ್ಲಿಸಿ ಎಂದು ಕೇಳಿಕೊಂಡಳು. ಗೊಣಗುತ್ತಲೇ ನಿಲ್ಲಿಸಿದರು. ನಮ್ಮ ಸಂಪಿನ ಮುಚ್ಚಳ ತೆಗೆದು ಇಬ್ಬರೂ ಬಗ್ಗಿ ನಿಂತೆವು. ಮೊದಲು ಕೊಳವೆ ಕೆಮ್ಮಿತು, ಕೆಂಪು ನೀರು ಉಗುಳಿತು. ಆಮೇಲೆ ಬೆರಳುಗಾತ್ರದ ನೀರು ಬೀಳತೊಡಗಿತು. ಮೋಟಾರಿಲ್ಲದೆ, ತಾನಾಗಿ.

"ವಾಸನೆ ಬರುತ್ತೆ ಅಂತಾನೂ ಬರೆದಿದ್ರಲ್ಲ ಸರ್. ಲೈನು ಖಾಲಿ ಇದ್ದಾಗ ಹೀಗೆ ಹೀರಿದ್ರೆ, ಎಲ್ಲಿ ಬಿರುಕಿದೆಯೋ ಅಲ್ಲಿಂದ ಪಕ್ಕದ ಚರಂಡಿ ನೀರು ಒಳಗೆ ಬರುತ್ತೆ." ನಮ್ಮ ಮೊಮ್ಮಗುವಿಗೆ ಆ ತಿಂಗಳು ಎರಡು ಸಲ ಹೊಟ್ಟೆ ಕೆಟ್ಟಿತ್ತು. ನಾನು ಮಾತಾಡಲಿಲ್ಲ.

ಇಷ್ಟಾದ ಮೇಲೆ ಆಕೆ ಪುಸ್ತಕ ತೆಗೆದು ಮೋಟಾರ್ ಹಚ್ಚಿದ ಮನೆಗಳ ಪಟ್ಟಿ ಬರೆಯಲು ಕುಳಿತಳು. ಮೊದಲ ಹೆಸರು ನನ್ನದು. "ದೂರು ಕೊಟ್ಟವನು ನಾನು ಕಣಮ್ಮಾ, ಕೆಳಗಿನಿಂದ ಬರೆದುಕೊಂಡು ಬಾ" ಎಂದೆ. "ಮೊದಲು ನೋಡಿದ್ದು ನಿಮ್ಮದೇ ಸರ್" ಎಂದಳು. ನಮ್ಮಿಂದ ಮೂರನೆಯ ಮನೆಯಲ್ಲಿ ಒಂಟಿಯಾಗಿರುವ ವಯಸ್ಸಾದ ಹೆಂಗಸಿನ ಹೆಸರನ್ನಾದರೂ ಬಿಡು ಎಂದು ಕೇಳಿದೆ. ನಿಜ ಹೇಳಬೇಕೆಂದರೆ, ಅವರನ್ನು ಬಿಟ್ಟರೆ ನನ್ನನ್ನೂ ಬಿಡಲು ದಾರಿಯಾಗುತ್ತದೆ ಎಂಬ ಆಸೆ ಆ ಕರುಣೆಯೊಳಗೆ ಅಡಗಿತ್ತು. "ಅವರ ವಿಷಯ ಏನಂತ ಪಕ್ಕದಲ್ಲಿ ಬರೀತೀನಿ. ಹೆಸರು ಬಿಡೋ ಅಧಿಕಾರ ನನಗಿಲ್ಲ ಸರ್" ಎಂದು ಬರೆದೇಬಿಟ್ಟಳು.

ಅಂದು ನನಗೆ ಇದು ಅನ್ಯಾಯವೆನಿಸಿತು. ಒಂದು ಕೆಜಿ ಒತ್ತಡವಿದ್ದೂ ಮೋಟಾರ್ ಹಚ್ಚಿದವನೂ, ತೊಟ್ಟು ನೀರಿಲ್ಲದೆ ಹಚ್ಚಿದವನೂ ಒಂದೇ ಪಟ್ಟಿಯಲ್ಲೇ? ಹಸಿದು ಕದ್ದವನಿಗೂ ಹೊಟ್ಟೆ ತುಂಬಿ ಕದ್ದವನಿಗೂ ವ್ಯತ್ಯಾಸವಿಲ್ಲವೇ? ಇದೆ ಎಂದೇ ಈಗಲೂ ನಂಬಿದ್ದೇನೆ. ಆದರೆ ಆ ತೂಕ ಮಾಡುವ ಜಾಗ ಯಾವುದು ಎಂಬ ವಿಷಯದಲ್ಲಿ ನನ್ನ ಮನಸ್ಸು ಬದಲಾಗಿದೆ. ಬೀದಿಯಲ್ಲಿ ನಿಂತು ಕಣ್ಣಾರೆ ಕಾಣುವುದು ಅತ್ಯಂತ ಕೆಳಗಿನ ಎಂಜಿನಿಯರ್ ಒಬ್ಬರೇ. ಬರೆಯುವಾಗಲೇ ಅವರು ಒಂದು ಹೆಸರನ್ನು ಕರುಣೆಯಿಂದ ಬಿಟ್ಟರೆ, ಇನ್ನೊಂದನ್ನು ಭಯದಿಂದ ಬಿಟ್ಟರೆ, ಮೇಲೆ ಕುಳಿತು ನ್ಯಾಯ ಹೇಳಬೇಕಾದವರ ಮುಂದೆ ಬೀದಿಯೇ ಇರುವುದಿಲ್ಲ. ಬಿಟ್ಟುಹೋದ ಹೆಸರಿಗೆ ಕರುಣೆ ತೋರಿಸಲೂ ಆಗುವುದಿಲ್ಲ. ಆ ಹೆಂಗಸಿನ ಹೆಸರಿನ ಎದುರು 'ಸಂಪ್ ಇಲ್ಲ, ಒಂಟಿ ವೃದ್ಧೆ' ಎಂದು ಬರೆದದ್ದರಿಂದಲೇ ಅವರ ಕಷ್ಟ ಮೊದಲ ಬಾರಿಗೆ ಸರ್ಕಾರದ ಕಾಗದಕ್ಕೆ ಬಂತು.

ಎರಡನೆಯ ಹಾಳೆಯ ವಿಷಯ ನನಗೆ ತಿಳಿದದ್ದು ತಡವಾಗಿ, ವಾಲ್ವ್‌ಮನ್ ಬಾಯಿಂದ. ನಮ್ಮ ತಪ್ಪುಗಳ ಪಟ್ಟಿಯ ಹಿಂದೆಯೇ ಆಕೆ ಕಚೇರಿಯ ತಪ್ಪನ್ನೂ ಬರೆದಿದ್ದಳಂತೆ: ಈ ರಸ್ತೆಗೆ ನೀರು ಬಿಡುವ ಹೊತ್ತು ಸಾಲದು, ಕೊಳವೆ ಹಳೆಯದು, ಮೇಲಿನ ತುದಿಯಲ್ಲಿ ಪಕ್ಕದ ಲೈನಿಗೆ ಜೋಡಿಸಿದರೆ ಕೊನೆಯ ಆರು ಮನೆಗಳಿಗೆ ನೀರು ಮುಟ್ಟುತ್ತದೆ, 'ನೀರು ಬಿಡಲಾಗಿದೆ' ಎಂದು ಹಿಂದೆ ದೂರುಗಳನ್ನು ಮುಗಿಸಿದ್ದು ಸರಿಯಲ್ಲ. ಹೊಸಬಳಿಗೆ ಯಾಕೆ ಬೇಕಿತ್ತು ಇದೆಲ್ಲ ಎಂದು ಅಲ್ಲಿ ಮಾತಾಡಿಕೊಂಡರಂತೆ.

ಇದನ್ನು ಕೇಳಿದಾಗ ನೆನಪಾದದ್ದು ವಿಶ್ವೇಶ್ವರಯ್ಯನವರ ಮೊದಲ ನೌಕರಿ. ನಾವು ಅವರನ್ನು ಪೇಟ ತೊಟ್ಟ ದಿವಾನರಾಗಿ, ಕನ್ನಂಬಾಡಿಯ ಪಕ್ಕದಲ್ಲಿಟ್ಟು ನೆನೆಯುತ್ತೇವೆ. 1884ರಲ್ಲಿ ಅವರು ಮುಂಬೈ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸೇರಿದ, ಇಪ್ಪತ್ತು ದಾಟಿದ ಸಹಾಯಕ ಎಂಜಿನಿಯರ್ ಅಷ್ಟೆ. ಧುಳೆಯ ಬಳಿ ಪಾಂಝರಾ ಹೊಳೆಯ ಕಾಲುವೆಗೆ ಅಡ್ಡಲಾಗಿ ಸೈಫನ್ ಕೊಳವೆ ಹಾಕುವ ಕೆಲಸ ಕೊಟ್ಟರು. ಮಳೆ ಹಿಡಿಯಿತು. ಮಳೆಗಾಲ ಕಳೆದ ಮೇಲೆ ಮಾಡಬಹುದೇ ಎಂದು ಮೇಲಧಿಕಾರಿಗೆ ಬರೆದರು. ಉತ್ತರವಾಗಿ ಬಂದದ್ದು ಛೀಮಾರಿ. ಕೆಲಸ ಮುಂದುವರಿಸಿದರು. ಒಂದು ದಿನ ಹೊಳೆ ಏರಿ ಆಚೆ ದಡದಲ್ಲಿ ಸಿಕ್ಕಿಕೊಂಡು, ಈಜಿ ಈಚೆ ಬಂದರು. ಕೊನೆಗೆ ಕೆಲಸ ಮುಗಿಸಿದರು. ಈಜಿದ್ದನ್ನು ಸಾಹಸವೆಂದು ಹೇಳುವವರಿದ್ದಾರೆ. ನನಗೆ ಆ ಕಾಗದವೇ ದೊಡ್ಡದಾಗಿ ಕಾಣುತ್ತದೆ. ಹೊಸ ನೌಕರ ತನಗೆ ಕಂಡದ್ದನ್ನು ಕಂಡಂತೆ ಮೇಲಕ್ಕೆ ಬರೆದ, ಬೈಗುಳ ತಿಂದ, ಆಮೇಲೂ ಕೆಲಸ ಬಿಡಲಿಲ್ಲ. ಮಾಗಡಿ ರಸ್ತೆಯ ಕಡೆಯ ತಿಪ್ಪಗೊಂಡನಹಳ್ಳಿ ಜಲಾಶಯವೂ ಮುಂದೆ ಅದೇ ವ್ಯಕ್ತಿಯ ಮಾರ್ಗದರ್ಶನದಲ್ಲೇ ಆಯಿತು. 1933ರಿಂದ ಈ ಊರು ಕುಡಿದ ಅರ್ಕಾವತಿಯ ನೀರು ಅದು. ನಗರ ಬೆಳೆದು ಆ ನೀರನ್ನು ಕೆಡಿಸಿಕೊಂಡೆವು.

ಈಗ ನಮ್ಮ ನಲ್ಲಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ. ಅಲ್ಲಿ, ಹಾರೋಹಳ್ಳಿಯಲ್ಲಿ, ತಾತಗುಣಿಯಲ್ಲಿ ಮೂರು ಸಲ ಎತ್ತಿ ಎತ್ತಿ ಬೆಟ್ಟದಷ್ಟು ಮೇಲಕ್ಕೆ ತರುತ್ತಾರೆ. ಅಷ್ಟು ಕಷ್ಟಪಟ್ಟು ಏರಿ ಬಂದ ನೀರು ಕೊನೆಯ ಇನ್ನೂರು ಮೀಟರ್ ಏರಲಾಗದೆ ನಿಲ್ಲುವುದು ಚಪ್ಪಡಿಯ ಕೆಳಗೆ ಬಚ್ಚಿಟ್ಟ ನಮ್ಮ ಮೋಟಾರುಗಳಿಂದ.

ನಮ್ಮ ಮನೆಯ ಮೋಟಾರ್ ಅದೇ ವಾರ ತೆಗೆಸಿದೆ. ನೋಟಿಸ್ ಬಂದ ಮೇಲೆ ಎಂಟು ಮನೆಯವರು ತೆಗೆದರು. ವೃದ್ಧೆಗೆ ಪಕ್ಕದ ಮನೆಯವರು ತಮ್ಮ ಸಂಪಿನಿಂದ ಒಂದು ಕೊಳವೆ ಎಳೆದುಕೊಟ್ಟಿದ್ದಾರೆ. ಆ ಹುಡುಗಿಗೆ ಕೆಂಗೇರಿ ಕಡೆಗೆ ವರ್ಗವಾಯಿತು. ಎರಡನೆಯ ಹಾಳೆಯಲ್ಲಿ ಬರೆದ ಜೋಡಣೆ ಮಾತ್ರ ಇನ್ನೂ ಆಗಿಲ್ಲ. ಅದಕ್ಕೆ ಈಗ ನಾನೇ ಅರ್ಜಿ ಬರೆದಿದ್ದೇನೆ. ಈ ಸಲ ಮೊದಲ ಸಾಲಿನಲ್ಲೇ, ನಾನೂ ಮೂರು ವರ್ಷ ಲೈನಿಗೆ ಮೋಟಾರ್ ಹಚ್ಚಿದ್ದೆ ಎಂದು ಬರೆದೆ.

ಕೆಳಗಿನ ಎರಡು ಮನೆಗಳಲ್ಲಿ ಇನ್ನೂ ಆ ಗುಂಯ್ ಸದ್ದು ಕೇಳುತ್ತದೆ. ಇಬ್ಬರೂ ಮೂವತ್ತು ವರ್ಷದಿಂದ ನಮಗೆ ಬೇಕಾದವರು, ಹಬ್ಬಕ್ಕೆ ಎಳ್ಳುಬೀರಿಕೊಂಡು ಬರುವವರು. ನಾಳೆ ನೀರು ಬಿಡುವ ದಿನ. ನಾಲ್ಕೂವರೆಗೆ ಎದ್ದು ಹೋಗಿ ಬೆಲ್ ಒತ್ತುತ್ತೇನೆ.